ನಿವೃತ್ತರ ಸ್ಮೃತಿಯೂ ಮಲೆನಾಡಿನ ಋಣವೂ

ಹೊಸನಗರ ತಾಲ್ಲೂಕಿನಲ್ಲಿ ‘ನಗರ’ವೆಂಬ ಹೆಸರಿನ ಗ್ರಾಮವೊಂದುಂಟು. ಸಣ್ಣದೊಂದು ಪೇಟೆ, ಪಾಳುಬಿದ್ದ ಕೋಟೆ, ಸಮೀಪದಲ್ಲಿ ದೇವಗಂಗೆಯ ಕೊಳಗಳು, ಸುತ್ತಲೂ ಕಾಡು—ಇಷ್ಟೇ ಇಂದಿನ ನಗರ. ಕೆಳದಿಯ ಅರಸರ ಕಾಲದಲ್ಲಿ ಇದೇ ಬಿದನೂರು. 1763ರಲ್ಲಿ ಹೈದರಾಲಿಯ ವಶವಾದಮೇಲೆ ಹೈದರನಗರವೆನಿಸಿ, ಕ್ರಮೇಣ ಹೈದರನ ಹೆಸರು ಲೋಪವಾಗಿ, ನಗರವೆಂಬುದಷ್ಟೇ ಉಳಿಯಿತು. ಅದಕ್ಕೂ ಮೊದಲು ರಾಜಧಾನಿಯಾಗಿದ್ದ ಇಕ್ಕೇರಿಯ ಸ್ಥಿತಿಯೂ ಹೀಗೆಯೇ. ಇಕ್ಕೇರಿ ವರಹವೆಂದು ನಾಣ್ಯಕ್ಕೇ ಹೆಸರುಕೊಟ್ಟ ಊರಿನಲ್ಲಿ ಇಂದು ನೋಡತಕ್ಕದ್ದು ಅಘೋರೇಶ್ವರನ ಕಲ್ಲುಗುಡಿಯೊಂದೇ. ರಾಜಧಾನಿಯು ಹಳ್ಳಿಯಾಗುವುದನ್ನು ಒಂದು ಬಾರಿಯಲ್ಲ, ಎರಡು ಬಾರಿ ಕಂಡ ಸೀಮೆಯ ಜನರಾದರೂ ನಗರವೆಂಬ ಶಬ್ದಕ್ಕೆ ಇಷ್ಟು ಸುಲಭವಾಗಿ ಮರುಳಾಗಬಾರದಾಗಿತ್ತು. ಆದರೂ ಆಗಿದ್ದಾರೆ. ಅದಕ್ಕೆ ಸಾಕ್ಷಿ ಈಚಿನ ವರ್ಷಗಳಲ್ಲಿ ಹೊರಬೀಳುತ್ತಿರುವ ಆತ್ಮವೃತ್ತಾಂತಗಳು.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಹುಟ್ಟಿ, ಎಳವೆಯಲ್ಲಿಯೇ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಂಧುಗಳ ಮನೆ ಸೇರಿ, ಅಲ್ಲಿಯೇ ಬೆಳೆದು, ಅಲ್ಲಿಯೇ ಓದಿ, ಅಲ್ಲಿಯೇ ಉದ್ಯೋಗ ಹಿಡಿದು, ಅರವತ್ತರ ಹೊತ್ತಿಗೆ ವಿಶ್ರಾಂತರಾದ ಮಹನೀಯರು ತಮ್ಮ ಜೀವನಚರಿತ್ರೆಯನ್ನು ತಾವೇ ಬರೆದು, ಸ್ವಂತ ವೆಚ್ಚದಿಂದ ಅಚ್ಚುಮಾಡಿಸಿ, ಷಷ್ಟ್ಯಬ್ದಿಯ ದಿನವೋ ಸಹಸ್ರಚಂದ್ರದರ್ಶನದ ದಿನವೋ ತಾಂಬೂಲದೊಡನೆ ಬಂಧುಮಿತ್ರರಿಗೆ ಹಂಚುವ ಪದ್ಧತಿ ಬಲವಾಗುತ್ತಿದೆ. ಪದ್ಧತಿಯೇನೋ ಒಳ್ಳೆಯದೇ. ಬೆಳ್ಳಿಯ ಕುಂಕುಮಬಟ್ಟಲಿಗಿಂತ ಪುಸ್ತಕವು ಹೆಚ್ಚಿನ ಉಡುಗೊರೆ. ಅನುಭವಸ್ಥರು ಬರೆಯದೆ ಮತ್ತಾರು ಬರೆಯಬೇಕು? ಆದುದರಿಂದ ಆಕ್ಷೇಪವಿರುವುದು ಬರೆಯುವುದರ ಮೇಲಲ್ಲ. ಬರೆದುದರಲ್ಲಿ ಕಾಣುವ ಒಂದು ದೋಷದ ಮೇಲೆ. ಆ ದೋಷವು ಒಬ್ಬಿಬ್ಬರದಾಗಿದ್ದರೆ ಉಪೇಕ್ಷಿಸಬಹುದಾಗಿತ್ತು. ಹತ್ತು ಪುಸ್ತಕಗಳನ್ನು ಸಾಲಾಗಿಟ್ಟು ಓದಿದರೆ ಹತ್ತರಲ್ಲಿಯೂ ಅದೇ ಅಚ್ಚಿನಲ್ಲಿ ಎರಕಹೊಯ್ದಂತೆ ಅದು ಕಾಣಿಸುವುದರಿಂದ ಪರಾಮರ್ಶೆ ಅವಶ್ಯಕವಾಗಿದೆ.

ಈ ವೃತ್ತಾಂತಗಳಿಗೆ ಸಾಮಾನ್ಯವಾಗಿ ಮೂರು ಖಂಡಗಳಿರುತ್ತವೆ. ಮೊದಲನೆಯದು ಬೆಳವಣಿಗೆ, ಎರಡನೆಯದು ದುಡಿಮೆ, ಮೂರನೆಯದು ದೇಹಾರೋಗ್ಯ. ಬೆಳವಣಿಗೆಯ ಖಂಡದಲ್ಲಿ ಪ್ರತಿಪಾದಿತವಾಗುವ ವಿಷಯವೆಂದರೆ—ಹುಟ್ಟಿದ ಹಳ್ಳಿಯಲ್ಲಿ ಕತ್ತಲೆಯೂ ಅಜ್ಞಾನವೂ ಮಳೆಯೂ ಹೊರತು ಬೇರೇನೂ ಇರಲಿಲ್ಲ. ನಗರವು ಕೈಹಿಡಿದು ಮನುಷ್ಯನನ್ನಾಗಿ ಮಾಡಿತು. ದುಡಿಮೆಯ ಖಂಡದಲ್ಲಿ—ಎಲ್ಲವೂ ಸ್ವಂತ ಪರಿಶ್ರಮದ ಫಲ. ಊರಿನಲ್ಲುಳಿದ ದಾಯಾದಿಗಳು ಹಿರಿಯರ ತೋಟವನ್ನು ಕುಳಿತು ಉಂಡರು. ಆರೋಗ್ಯದ ಖಂಡದಲ್ಲಿ—ನಗರದ ಹೊಗೆ, ನಗರದ ನೀರು, ಕಚೇರಿಯ ಕುರ್ಚಿ ಇವುಗಳಿಂದ ರಕ್ತದ ಒತ್ತಡವೂ ಸಕ್ಕರೆಯ ಕಾಯಿಲೆಯೂ ಬಂದುವು. ಊರಿನಲ್ಲೇ ಇದ್ದಿದ್ದರೆ ಅಜ್ಜನಂತೆ ನೂರು ವರ್ಷ ಗಟ್ಟಿಮುಟ್ಟಾಗಿ ಬಾಳಬಹುದಾಗಿತ್ತು.

ಮೊದಲನೆಯ ಖಂಡದಲ್ಲಿ ನರಕವಾಗಿದ್ದ ಊರು ಮೂರನೆಯ ಖಂಡದಲ್ಲಿ ನಂದನವನವಾಗುವುದನ್ನು ವಾಚಕರು ಗಮನಿಸಬೇಕು. ತರ್ಕಶಾಸ್ತ್ರದಲ್ಲಿ ಇದಕ್ಕೆ ವದತೋವ್ಯಾಘಾತವೆಂದು ಹೆಸರು: ತಾನಾಡಿದ ಮಾತನ್ನು ತಾನೇ ಕೊಲ್ಲುವುದು. ನಡುವೆ ಇನ್ನೂರು ಪುಟಗಳು ಇರುವುದರಿಂದ ಬರೆದವರಿಗೆ ಅದು ತಿಳಿಯದೆ ಹೋಗಿದೆ. ಆದರೆ ಎರಡು ಮಾತುಗಳಿಗೂ ಮೂಲ ಒಂದೇ. ಊರು ಹೇಗಿತ್ತೆಂದು ಯಾರೂ ವಿಚಾರಿಸಿಲ್ಲ. ಏಳಿಗೆಯನ್ನು ಹೊಗಳಿಕೊಳ್ಳಬೇಕಾದಾಗ ಕಗ್ಗತ್ತಲೆಯ ಊರೂ, ಕಾಯಿಲೆಗೆ ಕಾರಣ ಹುಡುಕಬೇಕಾದಾಗ ಅಮೃತದ ಊರೂ ಬೇಕಾಗುತ್ತವೆ. ಬೇಕಾದಂತೆ ಊರನ್ನು ಒದಗಿಸಿಕೊಂಡಿದ್ದಾರೆ.

ಒಂದೊಂದಾಗಿ ಪರಿಶೀಲಿಸೋಣವಾಗಲಿ.

‘ನಗರವು ಬೆಳೆಸಿತು’ ಎಂಬ ಮಾತನ್ನು ಮೊದಲು ತೆಗೆದುಕೊಳ್ಳಬಹುದು. ಮಲೆನಾಡಿನ ಹುಡುಗನೊಬ್ಬ ಬೆಂಗಳೂರಿನ ಸೋದರಮಾವನ ಮನೆಯಲ್ಲಿ ಹತ್ತು ವರ್ಷ ಇದ್ದು ಓದಿದನೆಂದರೆ ಅವನ ಶಾಲೆಯ ಫೀಸು ಎಲ್ಲಿಂದ ಬಂದಿತು? ಅಡಕೆಯ ವ್ಯಾಪಾರದ ಹಣದಿಂದ. ಅನ್ನಕ್ಕೆಂದು ವರ್ಷಕ್ಕೊಮ್ಮೆ ಬಂದಿಳಿಯುತ್ತಿದ್ದ ಅಕ್ಕಿಯ ಮೂಟೆ ಎಲ್ಲಿಂದ ಬಂದಿತು? ಗೇಣಿಯ ಗದ್ದೆಯಿಂದ. ತೋಟದ ಕೆಲಸ ಮಾಡಿದವರೂ ಗದ್ದೆಯನ್ನು ಉತ್ತವರೂ ಆತನ ಮನೆಯವರಾಗಿರಲಿಲ್ಲ. ಅಥವಾ ಮನೆಯವರು ಮಾತ್ರವೇ ಆಗಿರಲಿಲ್ಲ. ಆ ಗೇಣಿಯು ಸುಮ್ಮನೆ ಬಂದುದಲ್ಲವೆಂಬುದಕ್ಕೆ ಸಾಗರ ತಾಲ್ಲೂಕಿನ ಕಾಗೋಡು ಗ್ರಾಮವೇ ಪ್ರಮಾಣ. 1951ರಲ್ಲಿ ಅಲ್ಲಿಯ ಒಕ್ಕಲುಗಳು, ಬಹುಪಾಲು ದೀವರು, ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸತ್ಯಾಗ್ರಹ ಹೂಡಿದರು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಸೆರೆಯಾದರು. ಆ ಹೋರಾಟಕ್ಕೆ ಮೊದಲ ಕಿಡಿಯಾದುದು ಒಂದು ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರ ಮನೆಯ ಕೊಳಗ ದೊಡ್ಡದೆಂಬುದೇ ಒಕ್ಕಲುಗಳ ಮೊದಲ ದೂರು. ಉಳುವವನಿಗೇ ಭೂಮಿಯೆಂಬ ತತ್ತ್ವವು 1974ರ ಭೂಸುಧಾರಣೆಯ ಕಾನೂನಿನಿಂದ ಬಲವಾಗಿ ಜಾರಿಗೆ ಬರುವುದಕ್ಕೆ ಇನ್ನೂ ಎರಡು ದಶಕಗಳಿಗೂ ಮಿಕ್ಕಿ ಕಾಲ ಬೇಕಾಯಿತು. ಇಂದು ಎಂಬತ್ತರ ಸಮೀಪದಲ್ಲಿರುವ ಮಹನೀಯರು ನಗರದಲ್ಲಿ ಓದಿದುದು ಸರಿಯಾಗಿ ಆ ಎರಡು ದಶಕಗಳಲ್ಲಿಯೇ. ಆ ಕೊಳಗದ ಪ್ರಸ್ತಾಪವು ಎಷ್ಟು ಆತ್ಮವೃತ್ತಾಂತಗಳಲ್ಲಿದೆ? ಬೀದಿಯ ದೀಪದ ಕೆಳಗೆ ಓದಿದೆನೆಂಬ ಮಾತು ಇದೆ. ಆ ದೀಪಕ್ಕೆ ಎಣ್ಣೆಯೆರೆದವರ ಮಾತಿಲ್ಲ.

ದೀಪದ ವಿಷಯ ಬಂದುದರಿಂದ ಅದನ್ನೂ ಹೇಳಿಬಿಡುವುದು ಲೇಸು. 1948ರಿಂದ ಜೋಗದ ವಿದ್ಯುದಾಗಾರವೂ, 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಮೇಲೆ 1035 ಮೆಗಾವಾಟ್ ಶಕ್ತಿಯವರೆಗೆ ಬೆಳೆದ ಶರಾವತಿಯ ವಿದ್ಯುದಾಗಾರವೂ ನಗರಗಳ ಮನೆಗಳನ್ನು ಬೆಳಗಿದುವು. ಹೊಳೆಯ ನೀರು ನಿಂತಾಗ ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ ತೋಟಗಳೂ ಮನೆಮಠಗಳೂ ಮುಳುಗಿದುವು. ಒಕ್ಕಲೆದ್ದ ಕುಟುಂಬಗಳು ಬೇರೆ ಕಾಡುಗಳ ಅಂಚಿಗೆ ಹೋಗಿ ನೆಲೆಸಿದುವು. ಅವರ ಭೂಮಿಯ ಹಕ್ಕಿನ ಪ್ರಶ್ನೆ ಇಂದಿಗೂ ಪೂರ್ತಿಯಾಗಿ ಬಗೆಹರಿದಿಲ್ಲ. ಹಿನ್ನೀರಿನ ಆಚೆಗೆ ಉಳಿದ ಕರೂರು, ಬಾರಂಗಿ ಹೋಬಳಿಗಳ ಜನರಿಗೆ ಸಾಗರದ ಪೇಟೆಗೆ ಬರಲು ಲಾಂಚೇ ಹತ್ತಿರದ ದಾರಿಯಾಯಿತು. ಅಂಬಾರಗೋಡ್ಲು–ಕಳಸವಳ್ಳಿಯ ಸೇತುವೆ ತೆರೆದುದು 2025ರ ಜುಲೈಯಲ್ಲಿ. ಅಷ್ಟರಲ್ಲಿ ಎರಡು ತಲೆಮಾರುಗಳು ಕಳೆದುಹೋದುವು. ಬಾಣಂತಿಯಾಗಲಿ, ಹಾವು ಕಚ್ಚಿದವನಾಗಲಿ, ಕಡೆಯ ಲಾಂಚು ಹೊರಟುಹೋದಮೇಲೆ ದಡದಲ್ಲಿ ಬೆಳಗಾಗುವುದನ್ನು ಕಾಯಬೇಕು. ಇಲ್ಲವೆ ಸುತ್ತುದಾರಿ ಹಿಡಿಯಬೇಕು. ಆ ಕಾಲದಲ್ಲಿ ನಗರದ ಮನೆಯಲ್ಲಿ ಗುಂಡಿಯೊತ್ತಿದ ಕೂಡಲೆ ದೀಪ ಹೊತ್ತಿಕೊಳ್ಳುತ್ತಿತ್ತು. ನಗರವು ಬೆಳೆಸಿತೆಂಬುದು ಸುಳ್ಳಲ್ಲ. ಆದರೆ ನಗರವನ್ನು ಬೆಳೆಸಿದವರು ಯಾರೆಂಬ ಪ್ರಶ್ನೆಯನ್ನು ಕೇಳದೆ ಆ ಮಾತನ್ನು ಆಡುವುದು ಅರ್ಧಸತ್ಯ. ಸ್ವಂತ ತಾಯಿಯ ಊರು ಮುಳುಗಿದವನ ಲೇಖನಿಯಿಂದಲೂ ಆ ಅರ್ಧಸತ್ಯವೇ ಬಂದರೆ ಅದು ಕೃತಘ್ನತೆಯ ಸಮೀಪಕ್ಕೆ ಹೋಗುತ್ತದೆ.

ಎರಡನೆಯದು ದುಡಿಮೆ. ಕಚೇರಿಯಲ್ಲಿ ಮೂವತ್ತೈದು ವರ್ಷ ಪ್ರಾಮಾಣಿಕವಾಗಿ ದುಡಿದವರ ಶ್ರಮವನ್ನು ಅಲ್ಲಗಳೆಯುವುದು ಅನ್ಯಾಯ. ಲಂಚ ಮುಟ್ಟದೆ, ವರ್ಗಾವಣೆಗೆ ಅಂಜದೆ ಕೆಲಸ ಮಾಡಿದವರು ಅನೇಕರುಂಟು. ಅವರ ಅನುಭವವು ಕಿರಿಯರಿಗೆ ಪಾಠ. ಆದರೆ ತಮ್ಮ ಶ್ರಮವನ್ನು ಅಳೆಯುವಾಗ ಒಂದು ಕೊಳಗ, ಊರಿನಲ್ಲುಳಿದವರ ಶ್ರಮವನ್ನು ಅಳೆಯುವಾಗ ಇನ್ನೊಂದು ಕೊಳಗವನ್ನು ಹಿಡಿಯುವುದು ಯಾವ ನ್ಯಾಯ? ‘ತೋಟವನ್ನು ಕುಳಿತು ಉಂಡರು’ ಎನ್ನುವವರು ಅಡಕೆಯ ತೋಟವನ್ನು ಬೇಸಗೆಯ ರಜೆಯಲ್ಲಿ ಮಾತ್ರ ನೋಡಿರಬೇಕು. ಮಳೆಗಾಲದಲ್ಲಿ ನೋಡಿದ್ದರೆ ಆ ಮಾತು ಬರುತ್ತಿರಲಿಲ್ಲ.

ಕೊಳೆರೋಗವೆಂಬುದು ಮಲೆನಾಡಿನ ಮನೆಗಳ ಭಾಗ್ಯವನ್ನು ಒಂದೇ ಮಳೆಗಾಲದಲ್ಲಿ ನೆಲಕ್ಕೆ ಉದುರಿಸಬಲ್ಲ ರೋಗ. ಪೂರ್ವದಲ್ಲಿ ಮರಮರಕ್ಕೂ ಹತ್ತಿ ಕೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ಉಪಾಯ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಪರಿಶೋಧಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಮಾರ್ಗವನ್ನು ತೋರಿಸಿಕೊಟ್ಟರು. ಮಾರ್ಗವನ್ನು ವಿಜ್ಞಾನಿ ತೋರಿಸಿದರೂ ಅದನ್ನು ನಡೆಸಬೇಕಾದವನು ಕೊನೆಗೌಡ. ಜಾರುವ ಮರವನ್ನು ಏರಿ, ಒಂದು ಮರದ ತುದಿಯಿಂದ ಇನ್ನೊಂದು ಮರದ ತುದಿಗೆ ಸರಿಯುತ್ತ, ಮಳೆ ಬಿಟ್ಟ ಎರಡು ದಿನದ ಬಿಸಿಲಿನಲ್ಲಿ ಇಡೀ ತೋಟಕ್ಕೆ ಮದ್ದು ಹೊಡೆದು ಮುಗಿಸಬೇಕು. ತಪ್ಪಿಬಿದ್ದವನಿಗೆ ನಿವೃತ್ತಿವೇತನವಿಲ್ಲ. ಕೊನೆ ಇಳಿಸಿದಮೇಲೆ ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಕೆ ಸುಲಿಯುವ ಹೆಂಗಸರ ಬೆರಳುಗಳನ್ನು ನೋಡಿದವರು ‘ಕುಳಿತು ಉಣ್ಣುವುದು’ ಎಂಬ ಪದವನ್ನು ಹಗುರವಾಗಿ ಬಳಸಲಾರರು. ಸೊಪ್ಪಿನಬೆಟ್ಟದಿಂದ ಹೊರೆ ಹೊತ್ತು ತಂದವರು, ಕೊಟ್ಟಿಗೆಯ ಗೊಬ್ಬರವನ್ನು ಬುಡಬುಡಕ್ಕೆ ಹಾಕಿದವರು, ಮನೆಯ ಮುದುಕರಿಗೆ ಕಡೆಗಾಲದಲ್ಲಿ ಗಂಜಿ ಕುಡಿಸಿದವರು—ಇವರ ದುಡಿಮೆಗೆ ಸೇವಾಪುಸ್ತಕವಿಲ್ಲ, ಬಡ್ತಿಯಿಲ್ಲ, ಬೀಳ್ಕೊಡುಗೆಯ ಸಮಾರಂಭವಿಲ್ಲ. ದಾಖಲೆಯಿಲ್ಲದ ಮಾತ್ರಕ್ಕೆ ದುಡಿಮೆಯೇ ಇಲ್ಲವೆನ್ನುವುದು ಕಚೇರಿಯ ಅಭ್ಯಾಸ. ಜೀವನಚರಿತ್ರೆಯನ್ನು ಬರೆಯುವಾಗಲಾದರೂ ಅದನ್ನು ಬಿಡಬಹುದಾಗಿತ್ತು.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1951ರಲ್ಲಿ ಪ್ರಕಟಿಸಿದ ನೆನಪುಗಳ ಗ್ರಂಥವು ತನ್ನ ಹೆಸರಿನಲ್ಲಿಯೇ ತಾನು ದುಡಿಮೆಯ ಬಾಳಿನ ನೆನಪೆಂದು ಸಾರಿಕೊಂಡಿತು. ಅಂಥವರು ಉಳಿದ ವಿಷಯಗಳಲ್ಲಿ ಮೌನವಾಗಿದ್ದರೆ ಅದನ್ನು ದೋಷವೆನ್ನಲಾಗದು; ವ್ಯಾಪ್ತಿಯನ್ನು ಮೊದಲೇ ಹೇಳಿದ್ದಾರೆ. ಪ್ರಕೃತ ಮಹನೀಯರು ಹಾಗೆ ಮಾಡುವುದಿಲ್ಲ. ಇಡೀ ಬಾಳಿನ ಕತೆಯೆಂದು ಹೆಸರಿಟ್ಟು ಹುದ್ದೆಗಳ ಪಟ್ಟಿಯನ್ನು ಕೊಡುತ್ತಾರೆ.

ಮೂರನೆಯದಾದ ಆರೋಗ್ಯದ ವಿಷಯವೇ ಎಲ್ಲಕ್ಕಿಂತ ಮುಖ್ಯವಾದುದು. ಏಕೆಂದರೆ ಇಲ್ಲಿಯ ತಪ್ಪು ತಿಳಿವಳಿಕೆಯಿಂದ ಈಗ ಬದುಕಿರುವವರಿಗೆ ಕೇಡುಂಟು. ‘ಹಿಂದಿನವರು ಹಳ್ಳಿಯ ಗಾಳಿ ಕುಡಿದು ನೂರು ವರ್ಷ ಬಾಳಿದರು’ ಎಂಬ ವಾಕ್ಯವು ಇಂಥ ಪುಸ್ತಕಗಳಲ್ಲಿ ಮಂಗಳಶ್ಲೋಕದಂತೆ ಬರುತ್ತದೆ. ಆಯುರ್ವೇದವನ್ನು ಹೆಸರಿಗೆ ಹೊಗಳುವ ಇವರು ಅದು ಹೇಳುವುದನ್ನು ಕೇಳಿದ್ದರೆ ಇಷ್ಟು ಧೈರ್ಯಮಾಡುತ್ತಿರಲಿಲ್ಲ. ಆ ಶಾಸ್ತ್ರವು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರಾಗಿ ವಿಂಗಡಿಸಿ, ನೀರೂ ಮರಗಳೂ ದಟ್ಟವಾದ ಆನೂಪದೇಶವನ್ನು ಕಫವಾತಗಳ ನೆಲೆಯೆಂದು ಎಚ್ಚರಿಸುತ್ತದೆ. ಮಲೆನಾಡಿಗಿಂತ ಆನೂಪವಾದ ದೇಶವನ್ನು ಎಲ್ಲಿ ಹುಡುಕಬೇಕು? ಶಾಸ್ತ್ರವನ್ನು ಬಿಟ್ಟು ಪ್ರತ್ಯಕ್ಷವನ್ನೇ ಕೇಳಿದರೂ ಉತ್ತರ ಅದೇ. ಮಲೆನಾಡಿನ ಚಳಿಜ್ವರವೆಂದರೆ ಬಯಲುಸೀಮೆಯವರು ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲವೊಂದಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮಲೆನಾಡಿನ ಕೆಲವು ತಾಲ್ಲೂಕುಗಳ ಜನಸಂಖ್ಯೆ ಇಳಿಮುಖವಾಗಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಎಂದರೆ 1912ರಿಂದ 1918ರವರೆಗಿನ ಅವಧಿಯಲ್ಲಿ, ಮಲೆನಾಡಿನ ಉದ್ಧಾರಕ್ಕೆಂದೇ ಸರ್ಕಾರವು ಪ್ರತ್ಯೇಕ ಏರ್ಪಾಡನ್ನು ಮಾಡಬೇಕಾಯಿತು. ಜನರು ಆರೋಗ್ಯದಿಂದ ನೂರು ವರ್ಷ ಬಾಳುತ್ತಿದ್ದ ಸೀಮೆಗೆ ಇಂಥ ಏರ್ಪಾಡು ಏತಕ್ಕೆ?

ಹಾಗಾದರೆ ನೂರು ವರ್ಷ ಬಾಳಿದ ಅಜ್ಜನು ಸುಳ್ಳೇ? ಸುಳ್ಳಲ್ಲ. ಆದರೆ ಆ ಅಜ್ಜನ ಒಡಹುಟ್ಟಿದವರೆಷ್ಟು ಮಂದಿ, ಅವರಲ್ಲಿ ತೊಟ್ಟಿಲು ದಾಟಿದವರೆಷ್ಟು ಮಂದಿ, ಅಜ್ಜಿಯು ಹೆತ್ತ ಮಕ್ಕಳಲ್ಲಿ ಉಪನಯನ ಮದುವೆಗಳವರೆಗೆ ಉಳಿದವರೆಷ್ಟು ಮಂದಿ, ಮೊದಲನೆಯ ಅಜ್ಜಿ ಬಾಣಂತಿತನದಲ್ಲಿ ತೀರಿಕೊಂಡು ಎರಡನೆಯವಳು ಬಂದ ಮನೆಗಳೆಷ್ಟು—ಈ ಪ್ರಶ್ನೆಗಳನ್ನು ಕೇಳಿದಾಗ ಲೆಕ್ಕವು ಬೇರೆಯಾಗುತ್ತದೆ. ಬದುಕಿದವನೊಬ್ಬನು ಜಗಲಿಯ ಮೇಲೆ ಕುಳಿತು ಮೊಮ್ಮಗನಿಗೆ ಕಾಣಿಸಿಕೊಂಡನು. ಸತ್ತ ಒಂಬತ್ತು ಮಂದಿ ಕಾಣಿಸಿಕೊಳ್ಳಲಿಲ್ಲ. ಕಂಡವನೊಬ್ಬನಿಂದಲೇ ನಿಯಮವನ್ನು ಕಲ್ಪಿಸುವುದು ಅನುಮಾನದೋಷ. ಶಾಲೆಯ ಹುಡುಗನು ಹೀಗೆ ಲೆಕ್ಕ ಮಾಡಿದರೆ ಹಲಗೆ ಒರೆಸಿ ಮತ್ತೆ ಮಾಡೆನ್ನುತ್ತಿದ್ದರು.

ಇನ್ನು ಜ್ವರವು ತೊಲಗಿದುದು ಹೇಗೆ? ರೊನಾಲ್ಡ್ ರಾಸ್ ಎಂಬ ವೈದ್ಯನು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಜೀವಿಯನ್ನು ಕಂಡನು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಆರಂಭವಾಗಿ ಡಿಡಿಟಿಯ ಪಂಪು ಹೊತ್ತವರು ಕಾಡುದಾರಿ ತುಳಿದು, ಸಂಕ ದಾಟಿ, ಒಂಟಿಮನೆಗಳಿಗೂ ಹೋಗಿ ಗೋಡೆಗೆ ಮದ್ದು ಹೊಡೆದು, ಬಾಗಿಲ ಬಳಿ ತಾರೀಖು ಬರೆದು ಬಂದರು. ಆ ಔಷಧಕ್ಕೂ ದೋಷಗಳುಂಟೆಂಬುದು ಮುಂದೆ ತಿಳಿದುಬಂದಿತು. ಆದರೆ ಆ ಹೊತ್ತಿನಲ್ಲಿ ಮಲೆನಾಡಿನ ತೊಟ್ಟಿಲುಗಳನ್ನು ಉಳಿಸಿದವರಲ್ಲಿ ಅವರೂ ಸೇರಿದವರು. ಹೆಸರಿಲ್ಲದ ಆ ನೌಕರರಿಗೆ ಸಲ್ಲಬೇಕಾದ ಯಶಸ್ಸನ್ನು ‘ಹಳ್ಳಿಯ ಗಾಳಿ’ಗೆ ಕೊಟ್ಟುಬಿಡುವುದು ಕಾಗೆ ಕುಳಿತುದಕ್ಕೆ ತಾಳೆಯ ಹಣ್ಣು ಬಿದ್ದಿತೆನ್ನುವ ನ್ಯಾಯ.

ಇಷ್ಟಕ್ಕೇ ಮುಗಿಯಲಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಉಣುಗಿನಿಂದ ಹರಡುವ ಹೊಸದೊಂದು ಜ್ವರವು ಲೋಕದ ವೈದ್ಯಗ್ರಂಥಗಳಲ್ಲಿ ಆ ಊರಿನ ಹೆಸರನ್ನೇ ಹೊತ್ತಿತು. ಸೊಪ್ಪು ತರಲು, ಸೌದೆ ತರಲು, ದರಗು ಗುಡಿಸಲು ಕಾಡಿಗೆ ಹೋಗದೆ ವಿಧಿಯಿಲ್ಲದವರಿಗೆ ಅದು ತಗಲುತ್ತದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಪುನಃ ಉಲ್ಬಣಿಸಿ ಅನೇಕರು ಪ್ರಾಣ ಬಿಟ್ಟರು. ಸಾಗರದ ಪಕ್ಕದ ಹಂದಿಗೋಡಿನ ಕತೆ ಇನ್ನೂ ದುಃಖಕರ. 1970ರ ದಶಕದ ಮಧ್ಯದಲ್ಲಿ ಅಲ್ಲಿಯ ದಲಿತ ಕೂಲಿಕಾರರಲ್ಲಿ ಸೊಂಟ ಮೊಣಕಾಲುಗಳ ಕೀಲುಗಳು ನೊಂದು ಸವೆದು, ನಡೆಯಲಾರದೆ, ಕಡೆಗೆ ತೆವಳುವ ಸ್ಥಿತಿಯುಂಟಾಯಿತು. ಗದ್ದೆಯ ಏಡಿಯಲ್ಲಿ ಸೇರಿದ ಕೀಟನಾಶಕದ ಮೇಲೆ ಮೊದಲು ಸಂಶಯ ಹುಟ್ಟಿತು. ವಂಶಪಾರಂಪರ್ಯದ ದೋಷವೆಂಬ ಅಭಿಪ್ರಾಯವು ಮುಂದೆ ಬಲಗೊಂಡಿತು. ಸಂಶೋಧಕರು ಬಂದರು, ರಕ್ತ ತೆಗೆದುಕೊಂಡರು, ಛಾಯಾಚಿತ್ರ ತೆಗೆದರು, ಹೋದರು. ರೋಗವನ್ನು ವಾಸಿಮಾಡುವ ಮದ್ದು ದೊರೆಯಲಿಲ್ಲ. ಹಂದಿಗೋಡಿಗೂ ಇಕ್ಕೇರಿಗೂ ದೂರವೆಷ್ಟು? ರಜೆಗೆಂದು ಕಾರಿನಲ್ಲಿ ಬಂದು ಅಘೋರೇಶ್ವರನ ದರ್ಶನ ಮಾಡಿ, ಶುದ್ಧವಾದ ಗಾಳಿಯನ್ನು ಎದೆತುಂಬ ಸೇವಿಸಿ, ಬೆಂಗಳೂರಿಗೆ ಮರಳಿ ‘ಹಳ್ಳಿಯ ಆರೋಗ್ಯ’ವೆಂಬ ಅಧ್ಯಾಯವನ್ನು ಬರೆಯುವ ಮಹನೀಯರಿಗೆ ಆ ದಾರಿ ಕಾಣಿಸಲಿಲ್ಲವೇ? ತಮ್ಮ ಸಕ್ಕರೆಯ ಕಾಯಿಲೆಗೆ ಹದಿನೆಂಟು ಪುಟ, ಹಂದಿಗೋಡಿಗೆ ಒಂದು ಸಾಲೂ ಇಲ್ಲ. ಕೊಳಗ ಇಲ್ಲಿಯೂ ಎರಡೇ.

ನಗರಪಕ್ಷಪಾತಿಗಳು ಇದನ್ನೋದಿ ಸಂತೋಷಪಡಬಾರದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು ತುಂಬಿದುದು ಆ ಭಯದ ಬೆನ್ನಿನಲ್ಲಿಯೇ. ಆರೋಗ್ಯವು ನಗರದ ಸ್ವತ್ತೂ ಅಲ್ಲ, ಹಳ್ಳಿಯ ಸ್ವತ್ತೂ ಅಲ್ಲ. ಶುದ್ಧವಾದ ನೀರು, ಹೊಟ್ಟೆಗೆ ಅನ್ನ, ಹತ್ತಿರದಲ್ಲಿ ವೈದ್ಯ, ಹೆಣ್ಣುಮಕ್ಕಳಿಗೆ ಓದು—ಇವು ಇರುವಲ್ಲಿ ಅದು ಇರುತ್ತದೆ. ಇವುಗಳನ್ನು ಹಳ್ಳಿಗೆ ತರಿಸಬೇಕೆಂದು ಸರ್ಕಾರವನ್ನು ಕೇಳುವ ಕಾಲದಲ್ಲಿ, ‘ಹಳ್ಳಿಯವರಿಗೇನು, ಗಾಳಿಯೇ ಔಷಧ’ ಎಂದು ಅಚ್ಚುಮಾಡಿಸಿ ಹಂಚುವುದು ಯಾರ ವಾದಕ್ಕೆ ಬಲ ಕೊಡುತ್ತದೆಂದು ಯೋಚಿಸಬೇಕು. ವೈದ್ಯನಿಲ್ಲದ ಆಸ್ಪತ್ರೆಯ ಬಾಗಿಲಿನಲ್ಲಿ ಕಾಯುವವನಿಗೆ ಆ ಪುಸ್ತಕದಿಂದ ಉಪಕಾರವಿಲ್ಲ. ವೈದ್ಯನನ್ನು ಕಳುಹಿಸದವರಿಗೆ ಮಾತ್ರ ಉಪಕಾರವುಂಟು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ‘ಆತ್ಮವೃತ್ತಾಂತವೆಂದರೆ ಒಬ್ಬನ ಮನಸ್ಸಿನ ಕತೆ, ಅವನೇನು ಜನಗಣತಿಯ ಗುಮಾಸ್ತನೇ? ಮುಪ್ಪಿನಲ್ಲಿ ನಾಲ್ಕು ಸಿಹಿ ನೆನಪುಗಳನ್ನು ಬರೆದುಕೊಂಡರೆ ಯಾರಿಗೇನು ನಷ್ಟ?’ ಎಂದು. ಆಕ್ಷೇಪವು ಸಹಾನುಭೂತಿಗೆ ಅರ್ಹವಾದುದೇ. ಮುಪ್ಪಿನಲ್ಲಿ ಮನಸ್ಸು ತೊಟ್ಟಿಲಿನ ಕಡೆಗೆ ತಿರುಗುವುದು ಸಹಜ. ನೆನಪು ಸಿಹಿಯಾಗಿರುವುದೂ ತಪ್ಪಲ್ಲ. ಆದರೆ ನಷ್ಟವಿಲ್ಲವೆಂಬುದು ಸರಿಯಲ್ಲ. ಈ ಪುಸ್ತಕಗಳು ಹೋಗುವುದು ವಿದ್ಯಾವಂತರ ಮನೆಗಳಿಗೆ. ಅಲ್ಲಿ ಹದಿನೈದರ ಹುಡುಗನೂ ಹುಡುಗಿಯೂ ಮೊದಲನೆಯ ಖಂಡವನ್ನೋದಿ, ಮನುಷ್ಯರಾಗಬೇಕಾದರೆ ಊರು ಬಿಡಬೇಕೆಂದು ನಿಶ್ಚಯಿಸುತ್ತಾರೆ. ಮನೆಯ ಯಜಮಾನನು ಎರಡನೆಯ ಖಂಡವನ್ನೋದಿ, ತನ್ನ ಬಾಳು ಕುಳಿತು ಉಂಡ ಬಾಳೆಂದು ಒಳಗೇ ಕುಗ್ಗುತ್ತಾನೆ. ಮೂರನೆಯ ಖಂಡವನ್ನು ನಂಬಿ ನಿವೃತ್ತರಾಗಿ ಊರಿಗೆ ಬಂದವರು, ಎದೆನೋವು ಬಂದ ರಾತ್ರಿ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಎಷ್ಟು ಮೈಲಿಯೆಂದು ಲೆಕ್ಕ ಹಾಕುತ್ತಾರೆ. ಬೀಗ ಹಾಕಿದ ಮನೆಗಳೂ, ಇಬ್ಬರೇ ಮುದುಕರಿರುವ ದೊಡ್ಡ ಚೌಕಿಮನೆಗಳೂ ಈ ಮೂರು ತಾಲ್ಲೂಕುಗಳಲ್ಲಿ ವರ್ಷವರ್ಷಕ್ಕೂ ಹೆಚ್ಚುತ್ತಿವೆ. ಅದಕ್ಕೆ ಪುಸ್ತಕಗಳೇ ಕಾರಣವೆಂದು ಹೇಳುವುದು ಅತಿರೇಕ. ಆದರೆ ಹೊರಟವರ ಮಾತು ಮಾತ್ರ ಅಚ್ಚಾಗಿ, ಉಳಿದವರ ಮಾತು ಅಚ್ಚಾಗದಿದ್ದರೆ, ಮುಂದಿನ ತಲೆಮಾರು ಹೊರಟವರ ಕಣ್ಣಿನಿಂದಲೇ ಊರನ್ನು ನೋಡುತ್ತದೆಂಬುದು ನಿಶ್ಚಯ.

ಬೇರೆ ರೀತಿಯಲ್ಲಿ ಬರೆಯುವುದು ಅಸಾಧ್ಯವೂ ಅಲ್ಲ. ಕುಪ್ಪಳಿಯಿಂದ ತೀರ್ಥಹಳ್ಳಿಗೂ ಅಲ್ಲಿಂದ ಮೈಸೂರಿಗೂ ಓದಲು ಹೋದ ಕುವೆಂಪು ಅವರು 1980ರಲ್ಲಿ ‘ನೆನಪಿನ ದೋಣಿಯಲ್ಲಿ’ ಎಂಬ ಆತ್ಮಕಥೆಯನ್ನು ಕೊಟ್ಟರು. ಅವರ ಕಾದಂಬರಿಗಳಲ್ಲಿ ಗೌಡರ ಮನೆಯಷ್ಟೇ ಜಾಗ ಬಿಡಾರದ ಆಳುಗಳಿಗೂ ಉಂಟು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿ, ಮೈಸೂರನ್ನೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮನ್ನೂ ಕಂಡ ಯು. ಆರ್. ಅನಂತಮೂರ್ತಿಯವರು ದೇಹವು ಬಳಲಿದ್ದ ಕಾಲದಲ್ಲಿ ಹೇಳಿ ಬರೆಯಿಸಿದ ‘ಸುರಗಿ’ಯು 2012ರಲ್ಲಿ ಪ್ರಕಟವಾಯಿತು. ಅವರ ಅಭಿಪ್ರಾಯಗಳನ್ನು ಒಪ್ಪದವರು ಬಹುಮಂದಿಯುಂಟು. ಒಪ್ಪದವರೂ ಒಂದು ಮಾತನ್ನು ಒಪ್ಪಬೇಕು: ಈ ಇಬ್ಬರೂ ಊರು ಬಿಟ್ಟವರೇ, ಆದರೂ ಊರನ್ನು ಬಿಟ್ಟುಹೋದುದನ್ನೇ ಸಾಧನೆಯೆಂದು ತಿಳಿಯಲಿಲ್ಲ. ಎಲ್ಲರಿಗೂ ಅವರ ಪ್ರತಿಭೆ ಇರಲಾರದು. ಪ್ರತಿಭೆಯಿಲ್ಲದವರಿಗೂ ಪ್ರಾಮಾಣಿಕತೆ ಇರಬಹುದು. ಇಲ್ಲಿ ಕೇಳುತ್ತಿರುವುದು ಅಷ್ಟನ್ನೇ.

ಅದಕ್ಕೆ ಉಪಾಯವೇನೆಂಬುದನ್ನು ಈ ಸೀಮೆಯ ಹುಡುಗರೇ ನಾನೂರು ವರ್ಷಗಳ ಹಿಂದೆ ಹೇಳಿಕೊಟ್ಟಿದ್ದಾರೆ. ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಇಟಲಿ ದೇಶದ ಯಾತ್ರಿಕನು 1623ರಲ್ಲಿ, ವೆಂಕಟಪ್ಪ ನಾಯಕನು ಇಕ್ಕೇರಿಯಲ್ಲಿ ಆಳುತ್ತಿದ್ದಾಗ, ರಾಯಭಾರಿಗಳ ಜೊತೆಯಲ್ಲಿ ಘಟ್ಟ ಹತ್ತಿ ಬಂದನು. ಘಟ್ಟದ ಮೇಲಣ ಹನುಮಂತನ ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಸಣ್ಣ ಮರಳು ಹರಡಿ, ರಾಗವಾಗಿ ಹೇಳುತ್ತ, ಬೆರಳಿನಿಂದ ಅಂಕಿಗಳನ್ನು ಬರೆದು, ತುಂಬಿದಮೇಲೆ ಅಳಿಸಿ, ಮತ್ತೆ ಮರಳು ಹರಡಿ ಲೆಕ್ಕದ ಪಾಠವನ್ನು ಗಟ್ಟಿಮಾಡುತ್ತಿದ್ದುದನ್ನು ಅವನು ಕಂಡನು. ಉಪಾಧ್ಯಾಯರಾರೂ ಹತ್ತಿರವಿರಲಿಲ್ಲ. ಮರೆತರೆ ಯಾರು ತಿದ್ದುವರೆಂದು ಕೇಳಿದ್ದಕ್ಕೆ, ನಾಲ್ವರೂ ಒಂದೇ ವೇಳೆಯಲ್ಲಿ ಒಂದೇ ಅಂಶವನ್ನು ಮರೆಯುವುದು ಅಸಂಭವವೆಂದೂ, ಒಬ್ಬನು ಮರೆತುದನ್ನು ಇನ್ನೊಬ್ಬನು ಹೇಳಿಕೊಡುವನೆಂದೂ ಅವರು ಉತ್ತರಕೊಟ್ಟರು. ಯಾತ್ರಿಕನು ಆ ಉತ್ತರವನ್ನು ಮೆಚ್ಚಿ ಬರೆದಿಟ್ಟನು.

ನಿವೃತ್ತರ ನೆನಪಿಗೆ ಬೇಕಾದುದು ಇದೇ ಮರಳು, ಇದೇ ಜಗಲಿ, ಇದೇ ಮೂವರು ಜೊತೆಗಾರರು. ಅಚ್ಚಿಗೆ ಕೊಡುವ ಮೊದಲು ಹಸ್ತಪ್ರತಿಯನ್ನು ಹುಟ್ಟಿದೂರಿಗೆ ತಂದು ಓದಲಿ. ಕೇಳುವವರಲ್ಲಿ ಊರಿನಲ್ಲುಳಿದ ದಾಯಾದಿಯೊಬ್ಬನಿರಲಿ. ಅವನ ತಂದೆಯ ತೋಟದಲ್ಲಿ ಮರ ಹತ್ತಿದ ಕೊನೆಗೌಡನ ಮನೆಯವನೊಬ್ಬನಿರಲಿ. ಗೇಣಿ ಅಳೆದುಕೊಟ್ಟ ಒಕ್ಕಲಿನ ಮನೆಯವನೊಬ್ಬನಿರಲಿ. ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಲ್ಲುವ ಅತ್ತಿಗೆಯನ್ನೂ ಕುಳ್ಳಿರಿಸಿಕೊಳ್ಳಲಿ. ಮಾವನಿಗೆ ಔಷಧಿ ಕೊಟ್ಟವಳು ಅವಳೇ. ‘ಹಾಗಲ್ಲ ಮಾರಾಯ್ರೆ, ನಡೆದದ್ದು ಹೀಗೆ’ ಎಂದು ಅವರು ಹೇಳಿದಲ್ಲೆಲ್ಲ ಮರಳನ್ನು ಸರಿಸಿ ಮತ್ತೆ ಬರೆಯಲಿ. ಪುಸ್ತಕವು ಕೆಲವು ಪುಟ ಚಿಕ್ಕದಾಗಬಹುದು. ಹೊಗಳಿಕೆಯ ಭಾಗ ಕರಗಬಹುದು. ಉಳಿದುದು ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ.

ಸಾಹಿತ್ಯಸಂಘಗಳಿಗೂ ಇಲ್ಲೊಂದು ಕರ್ತವ್ಯವುಂಟು. ಬಿಡುಗಡೆಯ ಸಮಾರಂಭಗಳಲ್ಲಿ ಹಾರ ಹಾಕುವುದಕ್ಕೆ ಕಳೆಯುವ ಸಮಯದಲ್ಲಿ ಅರ್ಧವನ್ನಾದರೂ, ಬರೆಯಲಾರದವರ ಬಾಯಿಂದ ಕೇಳಿ ಬರೆದುಕೊಳ್ಳುವುದಕ್ಕೆ ವಿನಿಯೋಗಿಸಬೇಕು. ಮನೆಮನೆಗೂ ಡಿಡಿಟಿಯ ಪಂಪು ಹೊತ್ತುಕೊಂಡು ಹೋದವರಲ್ಲಿ ಈಗ ಉಳಿದಿರುವವರು ಕೆಲವರೇ. ಮುಳುಗಿದ ಊರುಗಳ ಹೆಸರನ್ನು ಸಾಲಾಗಿ ಹೇಳಬಲ್ಲವರೂ ಕೆಲವರೇ. ಲಾಂಚು ನಡೆಸಿದವರು, ಸೂಲಗಿತ್ತಿಯರು, ಕಾಗೋಡಿನಲ್ಲಿ ಸೆರೆಗೆ ಹೋದವರ ಮಕ್ಕಳು, ಹಂದಿಗೋಡಿನ ಮನೆಗಳಲ್ಲಿ ಕೋಲೂರಿ ಕುಳಿತಿರುವವರು—ಇವರೆಲ್ಲರೂ ತಮ್ಮ ಬೆಳವಣಿಗೆ, ದುಡಿಮೆ, ಆರೋಗ್ಯಗಳ ವೃತ್ತಾಂತವನ್ನು ಹೇಳಬಲ್ಲರು. ಕೇಳುವವರು ಹೋಗಲಿಲ್ಲ. ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿರುವ ಇವರ ನೆನಪನ್ನು ಬರೆದುಕೊಳ್ಳದಿದ್ದರೆ, ಇನ್ನು ಇಪ್ಪತ್ತು ವರ್ಷಗಳಲ್ಲಿ ಈ ಸೀಮೆಯ ಚರಿತ್ರೆಯೆಂದರೆ ಬೆಂಗಳೂರಿನ ಬಡಾವಣೆಯೊಂದರ ಮಹಡಿಯ ಮೇಲೆ ಕುಳಿತು ಕಂಡ ಕನಸೆಂದೇ ಆಗುವುದು.

ಕೆಳದಿಯ ಅರಸರ ಕಾಲದ ಕೋಟೆ ಪಾಳುಬಿದ್ದಿತು, ವರಹಗಳು ವಸ್ತುಸಂಗ್ರಹಾಲಯಕ್ಕೆ ಸೇರಿದುವು, ರಾಜಧಾನಿಗಳು ಗ್ರಾಮಗಳಾದುವು. ಘಟ್ಟದ ಗುಡಿಯಲ್ಲಿ ಮರಳಿನ ಮೇಲೆ ಬರೆದ ಹುಡುಗರ ಮಾತು ಮಾತ್ರ ಇನ್ನೂ ಉಳಿದಿದೆ. ಅವರು ಒಬ್ಬರನ್ನೊಬ್ಬರು ತಿದ್ದಲು ಒಪ್ಪಿಕೊಂಡಿದ್ದರು. ಅರವತ್ತು ದಾಟಿದ ಹಿರಿಯರು ಅಷ್ಟನ್ನು ಆ ಎಳೆಯರಿಂದ ಕಲಿತರೆ ಅವರ ಆತ್ಮವೃತ್ತಾಂತಗಳನ್ನು ತಾಂಬೂಲದೊಡನೆ ಮಾತ್ರವಲ್ಲ, ಪಾಠಶಾಲೆಗಳಲ್ಲಿಯೂ ಕೊಡಬಹುದು.